ಒದ್ದೆ ಸ್ಕೂಬಾ ಸಾಮಾನು: ಮುರುಡೇಶ್ವರದಿಂದ ದಾವಣಗೆರೆವರೆಗೆ ಕೆಡದಂತೆ ತರುವ ಬಗೆ

ನೇತ್ರಾಣಿ ದ್ವೀಪದ ಬಳಿ ಡೈವ್ ಮುಗಿಸಿ ದಡ ಸೇರಿದವರಿಗೆ ಮೈತುಂಬ ದಣಿವು, ಮುಂದೆ ಆರೇಳು ತಾಸಿನ ದಾರಿ. ವೆಟ್‌ಸೂಟ್, ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್), ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ), ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಡಿಕ್ಕಿಗೆ ಹಾಕಿ ಹೊರಟುಬಿಡೋಣ ಅನ್ನಿಸುವುದು ಸಹಜ. ಆದರೆ ಸಮುದ್ರದೊಳಗೆ ಏನೂ ಆಗದ ಸಾಮಾನು ಈ ದಾರಿಯಲ್ಲಿ ಕೆಡುತ್ತದೆ. ಊರು ಸೇರಿದ ಮೇಲೂ ಒಂದು ರಾತ್ರಿ ಡಿಕ್ಕಿಯಲ್ಲೇ ಉಳಿದರೆ ಇನ್ನಷ್ಟು ಕೆಡುತ್ತದೆ.

ದಾವಣಗೆರೆಯವರು ಹೊನ್ನಾಳಿ, ಶಿಕಾರಿಪುರ, ಸಾಗರ ದಾಟಿ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ ಸೇರುತ್ತಾರೆ. ಚಿತ್ರದುರ್ಗದವರು ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗದ ಮೇಲೆ ಬಂದು ಸಾಗರದಲ್ಲಿ ಅದೇ ದಾರಿಗೆ ಕೂಡುತ್ತಾರೆ. ಯಾರೇ ಆಗಲಿ, ನೆನಪಿಡಬೇಕಾದ ಮಾತು ಒಂದೇ: ಉಪ್ಪನ್ನು ಘಾಟಿ ಹತ್ತಿಸಬೇಡಿ. ಸಾಮಾನು ಒದ್ದೆಯಾಗಿ ಬಂದರೆ ಪರವಾಗಿಲ್ಲ, ಆ ಒದ್ದೆ ಸಿಹಿನೀರಿನದ್ದಾಗಿರಬೇಕು.

ಉಪ್ಪು ಮಾಡುವ ಕೆಲಸ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ತೊಳೆಯದ ಸಾಮಾನಿನಿಂದ ದಾರಿಯಲ್ಲಿ ಎರಡು ಲೀಟರ್ ನೀರು ಡಿಕ್ಕಿಯ ಕಾರ್ಪೆಟ್ಟಿಗೆ ಇಳಿದರೆ 70 ಗ್ರಾಂ ಉಪ್ಪು ಗಾಡಿಯಲ್ಲೇ ಉಳಿಯಿತು. ನೀರು ಆರಿಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ನಮ್ಮ ಅಡುಗೆ ಉಪ್ಪು ಕೂಡ ಗಾಳಿಯಿಂದ ನೀರೆಳೆದು ಕರಗಲು ಶುರುವಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಸಹ ಇರುವುದರಿಂದ ಅದು ಇನ್ನೂ ಬೇಗ ನೀರೆಳೆಯುತ್ತದೆ. ಹೀಗಾಗಿ ಬೇಸಿಗೆಯಲ್ಲಿ ದಾವಣಗೆರೆಯ ಬಿಸಿಲಿಗೆ ಒಣಗಿ ಕಾಣದಂತಾದ ಉಪ್ಪು ಜೂನ್‌ನ ಮೊದಲ ಮಳೆಗೆ ಮತ್ತೆ ಒದ್ದೆಯಾಗಿ, ಸೀಟಿನ ಹಳಿ, ಸ್ಟೆಪ್ನಿ ಗುಂಡಿ, ವೈರಿಂಗ್ ಕನೆಕ್ಟರುಗಳನ್ನು ತಿನ್ನುತ್ತದೆ.

ಸಾಮಾನಿನೊಳಗೆ ಆಗುವುದು ಬೇರೆ ರೀತಿ. ಕರಾವಳಿಯ ಗಾಳಿಯಲ್ಲಿ ತೇವವಾಗಿಯೇ ಇದ್ದ ಉಪ್ಪು ಬಯಲುಸೀಮೆಯ ಒಣಗಾಳಿಗೆ ಬಂದೊಡನೆ ಹರಳುಗಟ್ಟುತ್ತದೆ. ಹರಳಿಗೆ ಚೂಪಾದ ಅಂಚಿರುತ್ತದೆ. ಬಿಸಿಡಿಯ ಒಳಚೀಲದ ಮಡಿಕೆಯಲ್ಲಿ ಕೂತರೆ ಅದನ್ನು ಸವೆಸುತ್ತದೆ, ಓ-ರಿಂಗಿನ (ಸೋರದಂತೆ ತಡೆಯುವ ರಬ್ಬರ್ ಬಳೆ) ಕೆಳಗೆ ಕೂತರೆ ಸೋರುವಂತೆ ಮಾಡುತ್ತದೆ, ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಬಟನ್ನಿನೊಳಗೆ ಕೂತರೆ ಬಟನ್ ಒತ್ತಿದ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಮುಂದಿನ ಸಲ ನೀರಿನಡಿ ಬಟನ್ ಹಾಗೆ ಸಿಕ್ಕಿಕೊಂಡರೆ ಬಿಸಿಡಿ ತಾನಾಗಿ ಗಾಳಿ ತುಂಬಿಕೊಂಡು ಮನುಷ್ಯನನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಸಾಮಾನು ತೊಳೆಯುವುದು ದುಡ್ಡು ಉಳಿಸುವುದಕ್ಕಷ್ಟೇ ಅಲ್ಲ ಎನ್ನುವುದು ಇದಕ್ಕೇ.

ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ

ಇದು ಸಾಮಾನಿಗಿಂತ ಮೊದಲು ನಿಮ್ಮ ದೇಹದ ಪ್ರಶ್ನೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿವೆ. ಅಷ್ಟು ದೂರ ಹೋಗುವುದೂ ಬೇಡ, ಘಾಟಿ ಹತ್ತಿ ಸಾಗರ ಮುಟ್ಟುವಷ್ಟರಲ್ಲೇ 600 ಮೀಟರಿನ ಹತ್ತಿರ ಬಂದಿರುತ್ತೀರಿ. ಡೈವ್ ಮಾಡಿದಾಗ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಅದಕ್ಕೆ ಮೊದಲೇ ಹೊರಗಿನ ಒತ್ತಡ ಕಡಿಮೆಯಾದರೆ ಗುಳ್ಳೆಗಟ್ಟುವ ಅಪಾಯ ಹೆಚ್ಚುತ್ತದೆ.

ಡೈವಿಂಗ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ವಿಮಾನ ಪ್ರಯಾಣಕ್ಕೆ ಕೊಟ್ಟಿರುವ ಸಲಹೆ ಹೀಗಿದೆ: ಡಿಕಂಪ್ರೆಶನ್ (ಮೇಲೆ ಬರುವಾಗ ನಡುನಡುವೆ ನಿಲ್ಲುವುದು) ಬೇಡದ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ತಾಸು, ದಿನಕ್ಕೆ ಒಂದಕ್ಕಿಂತ ಹೆಚ್ಚು ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ತಾಸು ಬಿಡುವು. ಈ ಸಲಹೆ ಅನ್ವಯಿಸುವುದು 2,000 ಅಡಿ, ಅಂದರೆ ಸುಮಾರು 610 ಮೀಟರ್ ಎತ್ತರದಿಂದ. ನಮ್ಮ ಊರುಗಳು ಆ ಗೆರೆಯ ಮೇಲೋ ಅದಕ್ಕೂ ಮೇಲೋ ಇವೆ. ಕಾರಿನಲ್ಲಿ ಹೋಗುತ್ತೇವೆ, ವಿಮಾನವಲ್ಲವಲ್ಲ ಎಂದುಕೊಳ್ಳಬೇಡಿ. ದೇಹಕ್ಕೆ ಲೆಕ್ಕ ಒತ್ತಡದ್ದು, ವಾಹನದ್ದಲ್ಲ. ಆಳ, ಸಮಯದ ಲೆಕ್ಕ ಇಡುವ ನಿಮ್ಮ ಡೈವ್ ಕಂಪ್ಯೂಟರಿನಲ್ಲಿ ‘ನೋ ಫ್ಲೈ’ (ವಿಮಾನ ಹತ್ತಬಾರದ) ಸಮಯ ತೋರಿಸುತ್ತಿದ್ದರೆ ಅದು ಮುಗಿಯುವವರೆಗೆ ಘಾಟಿ ಹತ್ತದಿರುವುದು ಒಳ್ಳೆಯದು.

ಹೀಗೆ ಉಳಿದ ರಾತ್ರಿಯೇ ಸಾಮಾನಿಗೂ ಸಿಗುವ ದೊಡ್ಡ ಉಪಕಾರ. ಮಧ್ಯಾಹ್ನದಿಂದ ಮರುದಿನ ಬೆಳಿಗ್ಗೆವರೆಗೆ ತೊಳೆಯಲು, ನೀರು ಬಸಿಯಲು ಬೇಕಾದಷ್ಟು ಹೊತ್ತಿರುತ್ತದೆ.

ಎರಡು ಬಕೆಟ್ ವಿಧಾನ

ಡೈವ್ ಸೆಂಟರಿನ ತೊಳೆಯುವ ತೊಟ್ಟಿಯನ್ನೇ ನಂಬಿ ಕೂರಬೇಡಿ. ಬೆಳಿಗ್ಗೆ ತುಂಬಿಸಿದ ನೀರಿಗೆ ಮಧ್ಯಾಹ್ನದವರೆಗೆ ಹತ್ತಾರು ಜನರ ಸಾಮಾನು ಮುಳುಗಿದ್ದರೆ ಆ ನೀರೇ ಉಪ್ಪಾಗಿರುತ್ತದೆ. ಮೊದಲ ಮುಳುಗಿಗೆ ಅದು ಸಾಕು. ಕೊನೆಯ ಜಾಲಿಕೆಯನ್ನು ಲಾಡ್ಜಿನ ಬಚ್ಚಲಲ್ಲಿ ಸ್ವಂತ ಬಕೆಟ್ಟಿನಲ್ಲಿ ಮಾಡಿ.

ಒಂದೇ ದೊಡ್ಡ ಬಕೆಟ್ಟಿಗಿಂತ ಎರಡು ಚಿಕ್ಕ ಬಕೆಟ್ ಎಷ್ಟೋ ಮೇಲು. ಒಂದು ವೆಟ್‌ಸೂಟಿನಲ್ಲಿ ಒಂದು ಲೀಟರ್ ಸಮುದ್ರದ ನೀರು ಉಳಿದಿದೆ ಎಂದಿಟ್ಟುಕೊಳ್ಳಿ, 35 ಗ್ರಾಂ ಉಪ್ಪು. 30 ಲೀಟರ್ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಸೂಟಿನಲ್ಲಿ ಉಳಿಯುವುದು ಸುಮಾರು 1.1 ಗ್ರಾಂ. ಅದೇ 30 ಲೀಟರನ್ನು 15–15 ಮಾಡಿ, ಒಂದರಲ್ಲಿ ಅದ್ದಿ, ನೀರಿಳಿಸಿ, ಇನ್ನೊಂದರಲ್ಲಿ ಅದ್ದಿದರೆ ಉಳಿಯುವುದು 0.14 ಗ್ರಾಂ ಮಾತ್ರ. ನೀರು ಅಷ್ಟೇ, ಉಪ್ಪು ಎಂಟನೇ ಒಂದು ಭಾಗ.

ಬಚ್ಚಲಿನ ನಲ್ಲಿ ನೀರು ಬಾಯಿಗೆ ಉಪ್ಪುಪ್ಪಾಗಿದ್ದರೆ ಎರಡನೇ ಬಕೆಟ್ಟಿಗೆ 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ಒಂದನ್ನು ತರಿಸಿಕೊಳ್ಳಿ. ಬಿಸಿನೀರು ಬೇಡ, ಉಗುರುಬೆಚ್ಚಗಿದ್ದರೆ ಒಳ್ಳೆಯದು. ಬಟ್ಟೆ ಸೋಪಿನ ಪುಡಿ, ಬ್ಲೀಚಿಂಗ್, ಫಿನಾಯಿಲ್ ಹತ್ತಿರವೂ ಬೇಡ. ರಬ್ಬರು, ಹೊಲಿಗೆಯ ಅಂಟು ಎರಡಕ್ಕೂ ಕೇಡು. ವಾಸನೆ ಬರುವ ಸೂಟಿಗೆ ಮಕ್ಕಳ ಶಾಂಪೂ ಒಂದು ಚಮಚ ಸಾಕು.

ರೆಗ್ಯುಲೇಟರ್‌ನಿಂದ ಶುರುಮಾಡಿ. ಎಲ್ಲಕ್ಕಿಂತ ದುಬಾರಿಯ, ಎಲ್ಲಕ್ಕಿಂತ ಸುಲಭವಾಗಿ ಕೆಡುವ ವಸ್ತು ಇದೇ. ಬಕೆಟ್ಟಿನ ಸ್ವಚ್ಛ ನೀರು ಇದಕ್ಕೇ ಮೊದಲು ಸಲ್ಲಬೇಕು.

1. ಸಾಧ್ಯವಿದ್ದರೆ ಡೈವ್ ಸೆಂಟರಿನಲ್ಲೇ, ಸಿಲಿಂಡರಿನಿಂದ ಬಿಚ್ಚುವ ಮೊದಲು, ವಾಲ್ವ್ ತೆರೆದಿಟ್ಟುಕೊಂಡೇ ತೊಳೆಯಿರಿ. ಡೈವ್ ಮುಗಿದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಸ್ವಲ್ಪ ಗಾಳಿ ಉಳಿದೇ ಇರುತ್ತದೆ. ಒಳಗೆ ಒತ್ತಡ ಇರುವವರೆಗೆ ನೀರು ಒಳನುಗ್ಗುವುದಿಲ್ಲ, ಪರ್ಜ್ ಬಟನ್ (ಬಾಯಿತುಂಡಿನಿಂದ ಗಾಳಿ ಹೊರಬಿಡುವ ಗುಂಡಿ) ಒತ್ತಿದರೂ ಅಪಾಯವಿಲ್ಲ.

2. ಬಿಚ್ಚಿದ ಮೇಲೆ ತೊಳೆಯುವುದಾದರೆ ಮೊದಲು ಡಸ್ಟ್ ಕ್ಯಾಪನ್ನು ಒಣಬಟ್ಟೆಯಿಂದ ಒರೆಸಿ, ಆಮೇಲೆ ಫಸ್ಟ್ ಸ್ಟೇಜಿಗೆ (ಸಿಲಿಂಡರಿಗೆ ಕೂಡುವ ಭಾಗ) ಬಿಗಿಯಾಗಿ ಕೂರಿಸಿ. ಕ್ಯಾಪನ್ನು ಸಿಲಿಂಡರ್ ಗಾಳಿಯಿಂದ ಊದಿ ಒಣಗಿಸುವ ಅಭ್ಯಾಸವಿದ್ದರೆ ಫಸ್ಟ್ ಸ್ಟೇಜಿನ ಬಾಯಿ ಆ ಗಾಳಿಗೆ ಅಡ್ಡ ಬರದಂತೆ ಹಿಡಿಯಿರಿ. ಇಲ್ಲದಿದ್ದರೆ ಹನಿ ನೇರ ಫಿಲ್ಟರಿನೊಳಗೆ ಹೋಗುತ್ತದೆ.

3. 10–15 ನಿಮಿಷ ನೆನೆಯಲು ಬಿಡಿ. ಈ ಹೊತ್ತಿನಲ್ಲಿ ಪರ್ಜ್ ಬಟನ್ ಒತ್ತಲೇಬಾರದು. ಒತ್ತಿದರೆ ಸೆಕೆಂಡ್ ಸ್ಟೇಜಿನ (ಬಾಯಲ್ಲಿ ಕಚ್ಚುವ ಭಾಗ) ವಾಲ್ವ್ ತೆರೆದು ನೀರು ಹೋಸಿನ ಮೂಲಕ ಫಸ್ಟ್ ಸ್ಟೇಜಿಗೆ ಇಳಿಯುತ್ತದೆ. ಸೆಕೆಂಡ್ ಸ್ಟೇಜಿನ ಮೇಲೆ ಭಾರದ ವಸ್ತು ಬಿದ್ದು ಬಟನ್ ಒತ್ತಿಕೊಂಡರೂ ಆಗುವುದು ಅದೇ.

4. ಸೆಕೆಂಡ್ ಸ್ಟೇಜಿನ ಬಾಯಿತುಂಡಿನೊಳಗೆ ಸಣ್ಣ ಧಾರೆಯಲ್ಲಿ ನೀರು ಹಾಯಿಸಿ, ಬಿಟ್ಟ ಉಸಿರು ಹೊರಹೋಗುವ ದಾರಿಯಿಂದ ಹೊರಬರಲಿ. ಅಡ್ಜಸ್ಟ್‌ಮೆಂಟ್ ತಿರುಪನ್ನು ಎರಡೂ ಕಡೆ ತಿರುಗಿಸಿ. ಹೋಸುಗಳ ಮೇಲಿನ ರಬ್ಬರ್ ಕವಚವನ್ನು ಹಿಂದೆ ಸರಿಸಿ ತೊಳೆಯಿರಿ, ಉಪ್ಪು ಅಡಗಿ ಕೂರುವುದು ಅಲ್ಲೇ.

ಫಸ್ಟ್ ಸ್ಟೇಜ್ ಕ್ರೋಮ್ ಲೇಪಿಸಿದ ಹಿತ್ತಾಳೆ. ಉಪ್ಪುನೀರು ಒಳಗೆ ಸೇರಿದ್ದರೆ ಕೆಲವು ವಾರಗಳಲ್ಲಿ ಒಳಹರಿವಿನ ಫಿಲ್ಟರ್ ಹಸಿರು ತಿರುಗುತ್ತದೆ, ಕಿಲುಬು ಹಿಡಿದಿದೆ ಎಂದರ್ಥ. ಹಾಗೆ ಕಂಡ ಮೇಲೆ ತೊಳೆದು ಪ್ರಯೋಜನವಿಲ್ಲ. ತರಬೇತಾದ ಟೆಕ್ನಿಷಿಯನ್ ಬಿಚ್ಚಿ ನೋಡುವವರೆಗೆ ಅದನ್ನು ನೀರಿಗೆ ಇಳಿಸಬೇಡಿ.

ಬಿಸಿಡಿಯ ಹೊರಗನ್ನು ತೊಳೆದರೆ ಅರ್ಧ ಕೆಲಸ. ಪ್ರತಿ ಡೈವಿನಲ್ಲೂ ಇನ್‌ಫ್ಲೇಟರ್ ಮೂಲಕ ಒಂದಿಷ್ಟು ಸಮುದ್ರದ ನೀರು ಒಳಚೀಲ ಸೇರುತ್ತದೆ. ಡಿಫ್ಲೇಟ್ ಬಟನ್ ಒತ್ತಿ ಹಿಡಿದು ಬಾಯಿತುಂಡಿನ ಮೂಲಕ ಒಂದರಿಂದ ಎರಡು ಲೀಟರ್ ಸಿಹಿನೀರು ಸುರಿಯಿರಿ, ಬಾಯಲ್ಲಿ ಊದಿ ಅರ್ಧ ಉಬ್ಬಿಸಿ, ಎಲ್ಲ ಮೂಲೆಗೂ ನೀರು ತಾಗುವಂತೆ ಅಲುಗಾಡಿಸಿ, ಗಾಳಿ ಹೊರಬಿಡುವ ಕೆಳಗಿನ ಡಂಪ್ ವಾಲ್ವಿನಿಂದ ಹೊರಬಿಡಿ. ಎರಡು ಸಲ ಮಾಡಿ. ಕೊನೆಯಲ್ಲಿ ತಲೆಕೆಳಗಾಗಿ ಹಿಡಿದು ಸುಕ್ಕುಸುಕ್ಕಿನ ಹೋಸನ್ನು ನೆಲದ ಕಡೆಗೆ ಬಿಟ್ಟು ಬಟನ್ ಒತ್ತಿದರೆ ಉಳಿದ ನೀರೂ ಇಳಿಯುತ್ತದೆ. ಹೋಸನ್ನು ಮಾತ್ರ ಎಳೆದು ಜಗ್ಗಬೇಡಿ.

ವೆಟ್‌ಸೂಟನ್ನು ಒಳಮಗ್ಗುಲು ಹೊರಗೆ ಮಾಡಿ ಎರಡೂ ಬಕೆಟ್ಟಿನಲ್ಲಿ ಅದ್ದಿ. ಬಟ್ಟೆ ಹಿಂಡಿದಂತೆ ತಿರುಚಿ ಹಿಂಡಬಾರದು. ಸೂಟಿನ ನಿಯೋಪ್ರೀನ್ ರಬ್ಬರಿನೊಳಗಿನ ಗಾಳಿಗುಳ್ಳೆಗಳು ಅಲ್ಲಿ ಚಪ್ಪಟೆಯಾಗುತ್ತವೆ, ಹೊಲಿಗೆಯೂ ಸಡಿಲವಾಗುತ್ತದೆ. ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಒತ್ತಿ ನೀರಿಳಿಸಿ. ಜಿಪ್ಪಿಗೆ ಹಲ್ಲುಜ್ಜುವ ಹಳೆಯ ಬ್ರಷ್ ಸಾಕು; ಒಣಗಿದ ಮೇಲೆ ಮೇಣದ ತುಂಡನ್ನು ಒಮ್ಮೆ ಉಜ್ಜಿ.

ಮಾಸ್ಕ್, ಫಿನ್, ಬೂಟಿಗೆ ಹೆಚ್ಚು ಹೇಳುವುದಿಲ್ಲ. ಅದ್ದಿ ತೆಗೆದರೆ ಆಯಿತು, ಬೂಟಿನೊಳಗಿನ ಮರಳನ್ನು ಕೊಡವಿ. ಡೈವ್ ಕಂಪ್ಯೂಟರಿನ ಒತ್ತಡ ಅಳೆಯುವ ರಂಧ್ರಗಳಲ್ಲಿ ಉಪ್ಪು ಕಟ್ಟಿದರೆ ಆಳ ತಪ್ಪು ತೋರಿಸುವುದರಿಂದ ಅದನ್ನು ಹತ್ತು ನಿಮಿಷ ನೆನೆಸಿ, ಆಮೇಲೆ ಚೆನ್ನಾಗಿ ಒರೆಸಿ. ನೀರು ತಾಗಿದರೆ ತಾನಾಗಿ ಆನ್ ಆಗುವ ಬಗೆಯವು ಒದ್ದೆಯಾಗಿದ್ದಷ್ಟು ಹೊತ್ತೂ ಬ್ಯಾಟರಿ ತಿನ್ನುತ್ತವೆ.

ರಾತ್ರಿ ಒಣಗಲು ಹಾಕುವುದು

ಮುರುಡೇಶ್ವರದ ಗಾಳಿಯಲ್ಲಿ ವೆಟ್‌ಸೂಟ್ ಒಂದೇ ರಾತ್ರಿಗೆ ಪೂರ್ತಿ ಒಣಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ. ಹನಿ ಬೀಳುವುದು ನಿಂತರೆ ಸಾಕು. ರೆಗ್ಯುಲೇಟರ್, ಮಾಸ್ಕ್, ಫಿನ್, ಕಂಪ್ಯೂಟರ್ ಮಾತ್ರ ಬೆಳಿಗ್ಗೆಯೊಳಗೆ ಒಣಗಲೇಬೇಕು, ಒಣಗುತ್ತವೆ ಕೂಡ. ಎ.ಸಿ. ರೂಮಾದರೆ ಗಾಳಿಯ ತೇವವನ್ನು ಅದೇ ಎಳೆಯುತ್ತದೆ. ಇಲ್ಲದಿದ್ದರೆ ಫ್ಯಾನಿನ ಕೆಳಗೆ ಹಾಕಿ. ಸಮುದ್ರಕ್ಕೆ ಮುಖ ಮಾಡಿದ ಬಾಲ್ಕನಿ ಎಷ್ಟೇ ಗಾಳಿಯಿದ್ದರೂ ಬೇಡ, ಆ ಗಾಳಿಯಲ್ಲೇ ಉಪ್ಪಿನ ತುಂತುರು ಇರುತ್ತದೆ. ಸೂಟನ್ನು ತೆಳ್ಳನೆಯ ತಂತಿ ಹ್ಯಾಂಗರಿಗೆ ನೇತುಹಾಕಿದರೆ ಒದ್ದೆಯ ಭಾರಕ್ಕೆ ಭುಜದಲ್ಲಿ ಗೀರು ಮೂಡಿ ಹಾಗೆಯೇ ಉಳಿಯುತ್ತದೆ. ಎರಡೂವರೆ ಅಥವಾ ಮೂರು ಇಂಚಿನ ಪಿವಿಸಿ ಪೈಪಿನ ತುಂಡೊಂದನ್ನು ಮನೆಯಿಂದಲೇ ಒಯ್ದು, ಅದರ ಮೇಲೆ ಸೊಂಟದ ಭಾಗ ಬರುವಂತೆ ಇಳಿಬಿಡಿ.

ಗಾಡಿಯಲ್ಲಿ ಹಾಸುವುದು, ಜೋಡಿಸುವುದು

ಬೇಕಾದ ಸಾಮಾನೆಲ್ಲ ನಮ್ಮ ಕಡೆ ರೈತರು ದಿನನಿತ್ಯ ಬಳಸುವಂಥದ್ದೇ. ಮೆಕ್ಕೆಜೋಳ, ಅಡಿಕೆ ಒಣಗಿಸುವ ದಪ್ಪನೆಯ ತಾಡಪಾಲು ಒಂದು, ಟೊಮ್ಯಾಟೊ ತುಂಬುವ ರಂಧ್ರದ ಪ್ಲಾಸ್ಟಿಕ್ ಕ್ರೇಟ್ ಒಂದೆರಡು, ಆ ಕ್ರೇಟ್ ಒಳಗೆ ಕೂರುವಷ್ಟು ದೊಡ್ಡ, ರಂಧ್ರವಿಲ್ಲದ ಟಬ್, ಹಳೆಯ ಹತ್ತಿ ಟವೆಲ್ ನಾಲ್ಕು, ರ್‍ಯಾಚೆಟ್ ಬೆಲ್ಟ್ ಎರಡು. ಟಬ್ ಕೊಳ್ಳುವ ಮೊದಲು ಡಿಕ್ಕಿಯ ಬಾಯಿಯ ಅಗಲ ಅಳೆದುಕೊಳ್ಳಿ. ಡಿಕ್ಕಿ ಒಳಗೆ ಅಗಲವಾಗಿದ್ದರೂ ಬಾಯಿ ಕಿರಿದಾಗಿರುವ ಕಾರುಗಳೇ ಹೆಚ್ಚು.

ತಾಡಪಾಲನ್ನು ಎರಡು ಮಡಿಕೆ ಮಾಡಿ ಡಿಕ್ಕಿಯಲ್ಲಿ ಹಾಸಿ. ನಾಲ್ಕೂ ಅಂಚನ್ನು ಒಂದು ಗೇಣು ಮೇಲಕ್ಕೆತ್ತಿ ಕ್ಲಿಪ್ ಹಾಕಿ, ಚೆಲ್ಲಿದ ನೀರು ಅದರಲ್ಲೇ ನಿಲ್ಲಬೇಕು. ಹಿಂದಿನ ಸೀಟಿನ ಕಡೆಯ ಅಂಚು ಎಲ್ಲಕ್ಕಿಂತ ಎತ್ತರ ಇರಲಿ: ಇಳಿಜಾರಿನಲ್ಲಿ, ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ಓಡುತ್ತದೆ. ಮುಂದಿನ ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೂ ನೆಲದಡಿಯೂ ಬ್ಯಾಟರಿ ಸಂಬಂಧದ ಭಾಗಗಳಿರುತ್ತವೆ. ಹಾಗಾಗಿ ಒದ್ದೆ ಸಾಮಾನನ್ನು ಸೀಟಿನ ಮೇಲೆ ಅಥವಾ ಕಾಲಿಡುವ ಜಾಗದಲ್ಲಿ ಇಡುವ ಮಾತೇ ಬೇಡ.

ಟಬ್ಬಿನೊಳಗೆ ಕ್ರೇಟ್ ಇಡಿ, ಕ್ರೇಟಿನ ಅಡಿಗೆ ಎರಡು ಮರದ ತುಂಡು ಕೊಡಿ. ಹನಿ ಕೆಳಗೆ ಬೀಳುತ್ತದೆ, ಸಾಮಾನು ಆ ನೀರಿನಲ್ಲಿ ನೆನೆಯುವುದಿಲ್ಲ. ಕ್ರೇಟಿನ ತಳದಲ್ಲಿ ಬೂಟು, ಅದರ ಮೇಲೆ ಸಡಿಲವಾಗಿ ಸುರುಳಿ ಸುತ್ತಿದ ವೆಟ್‌ಸೂಟ್. ಸೂಟನ್ನು ಚೌಕವಾಗಿ ಮಡಚಿ ಮೇಲೆ ಭಾರ ಹೇರಿದರೆ ಮಡಿಕೆ ಬಿದ್ದಲ್ಲೇ ಮುಂದೆ ಬಿರಿಯುತ್ತದೆ.

ಬಿಸಿಡಿಯಲ್ಲಿ ಸ್ವಲ್ಪ ಗಾಳಿ ಬಿಟ್ಟಿರಿ, ಒಳಗೋಡೆಗಳು ಒಂದಕ್ಕೊಂದು ಅಂಟುವುದಿಲ್ಲ, ಪಕ್ಕದ ಸಾಮಾನಿಗೂ ಅದೇ ದಿಂಬಾಗುತ್ತದೆ. ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಸಮುದ್ರಮಟ್ಟದಿಂದ 600 ಮೀಟರ್ ಏರಿದರೆ ಗಾಳಿಯ ಒತ್ತಡ ಸುಮಾರು ಶೇಕಡಾ 7ರಷ್ಟು ಇಳಿಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಅದರ ಜತೆ ಡಿಕ್ಕಿಯ ಬಿಸಿಯೂ ಸೇರುತ್ತದೆ.

ಇದೇ ಒತ್ತಡದ ಆಟ ಕ್ಯಾಮೆರಾ ಇಡುವ ಗಟ್ಟಿ ಪೆಟ್ಟಿಗೆಯಲ್ಲೂ ಇದೆ. ದಾವಣಗೆರೆಯಲ್ಲಿ ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ ಮುರುಡೇಶ್ವರದಲ್ಲಿ ತೆರೆಯದೇ ಹಟ ಹಿಡಿಯುತ್ತದೆ. 40×30 ಸೆಂಟಿಮೀಟರ್ ಮುಚ್ಚಳದ ಮೇಲೆ ಹೊರಗಿನ ಗಾಳಿ ಸುಮಾರು 85 ಕೆ.ಜಿ. ಭಾರದಷ್ಟು ಒತ್ತಿ ಹಿಡಿದಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಓ-ರಿಂಗ್ ಹಾಳು. ಪೆಟ್ಟಿಗೆಯ ಮುಂಭಾಗದ ಪರ್ಜ್ ತಿರುಪನ್ನು ಸಡಿಲಿಸಿ, ಉಸ್ಸೆಂದು ಗಾಳಿ ಒಳಹೋದ ಮೇಲೆ ತಾನಾಗಿ ತೆರೆಯುತ್ತದೆ. ಪ್ರಯಾಣದುದ್ದಕ್ಕೂ ಆ ತಿರುಪನ್ನು ಸಡಿಲವಾಗಿಯೇ ಇಡಿ. ಟಾರ್ಚಿನ ಬ್ಯಾಟರಿಗಳನ್ನು ಹೊರಡುವ ಮೊದಲೇ ತೆಗೆದು, ತುದಿಗಳು ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ. ಟಾರ್ಚಿನೊಳಗೆ ನೀರು ಹೋಗಿರುವ ಅನುಮಾನವಿದ್ದರೆ ಮುಖದಿಂದ ದೂರ ಹಿಡಿದು ನಿಧಾನವಾಗಿ ತೆರೆಯಿರಿ, ಒಳಗೆ ಅನಿಲ ಕಟ್ಟಿಕೊಂಡು ಮುಚ್ಚಳ ಸಿಡಿಯಬಹುದು.

ರೆಗ್ಯುಲೇಟರ್ ಕ್ರೇಟಿಗೆ ಸೇರಿದ್ದಲ್ಲ. ಹೋಸುಗಳನ್ನು ಊಟದ ತಟ್ಟೆಯಷ್ಟು ಅಗಲದ ಸುತ್ತಾಗಿ ಸಡಿಲವಾಗಿ ಸುತ್ತಿ, ಫಸ್ಟ್ ಸ್ಟೇಜನ್ನು ಒಣ ಟವೆಲ್ಲಿನಲ್ಲಿ ಸುತ್ತಿ ಮಧ್ಯದಲ್ಲಿಟ್ಟು, ಮೆತ್ತನೆಯ ಚೀಲದಲ್ಲಿ ಪ್ರಯಾಣಿಕರ ಜತೆ ಒಳಗಿಡಿ. ಹೋಸು ಲೋಹದ ತುದಿಗೆ ಸೇರುವಲ್ಲಿ ಬಾಗಿದರೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಬಸ್ಸಿನಲ್ಲಿ ಬರುವವರೂ ರೆಗ್ಯುಲೇಟರ್ ಮತ್ತು ಕಂಪ್ಯೂಟರನ್ನು ಲಗೇಜ್ ಡಿಕ್ಕಿಗೆ ಹಾಕದೆ ಮಡಿಲಲ್ಲೇ ಇಟ್ಟುಕೊಳ್ಳಿ.

ಮಾಸ್ಕಿಗೆ ಅದರದೇ ಗಟ್ಟಿ ಡಬ್ಬಿ. ಪಾರದರ್ಶಕ ಸಿಲಿಕೋನ್ ಮಾಸ್ಕ್ ಕಪ್ಪು ರಬ್ಬರಿಗೋ ಕಪ್ಪು ನಿಯೋಪ್ರೀನಿಗೋ ತಾಗಿಕೊಂಡು ಬಿಸಿಯಲ್ಲಿ ಕೂತರೆ ಬಣ್ಣ ಎಳೆದುಕೊಳ್ಳುತ್ತದೆ, ಆ ಕಲೆ ಎಷ್ಟು ತೊಳೆದರೂ ಹೋಗದು. ಫಿನ್‌ಗಳನ್ನು ಎಲ್ಲದರ ಮೇಲೆ ಮಟ್ಟಸವಾಗಿ ಮಲಗಿಸಿ. ಜಾಗ ಸಾಲದೆಂದು ಮೂಲೆಯಲ್ಲಿ ಬಾಗಿಸಿ ನಿಲ್ಲಿಸಿದರೆ ಡಿಕ್ಕಿಯ ಬಿಸಿಗೆ ಬಾಗಿದ ಹಾಗೆಯೇ ನಿಂತುಬಿಡುತ್ತವೆ. ಹೊಸ ಫಿನ್ನಿನೊಳಗೆ ಬಂದ ಪ್ಲಾಸ್ಟಿಕ್ ಪಾದದ ಅಚ್ಚನ್ನು ಬಿಸಾಡಬೇಡಿ, ಪ್ರಯಾಣದಲ್ಲಿ ಒಳಗೇ ಇರಲಿ. ಸೀಸದ ತೂಕಗಳಿದ್ದರೆ ಅವು ನೆಲಮಟ್ಟದಲ್ಲಿ, ಬೇರೆಯೇ ಚೀಲದಲ್ಲಿ, ಸೀಟಿನ ಬೆನ್ನಿಗೆ ಒತ್ತಿಕೊಂಡಿರಬೇಕು.

ಕಾರಿನ ಮೇಲಿನ ಕ್ಯಾರಿಯರ್ ಮೇಲೆ ಕಟ್ಟಿ, ಗಾಳಿಗೆ ಒಣಗಲಿ ಎಂದು ಹೊರಡಬೇಡಿ. ಬಿಸಿಲು, ಲಾರಿಗಳ ಹೊಗೆ, ದೂಳು ಮೂರೂ ಸೇರಿ ನಿಯೋಪ್ರೀನಿನ ಆಯಸ್ಸು ಕಳೆಯುತ್ತವೆ.

ಸಿಲಿಂಡರ್ ತರುವುದಾದರೆ

ನೇತ್ರಾಣಿಗೆ ಹೋಗುವ ಹವ್ಯಾಸಿಗಳಿಗೆ ಸಿಲಿಂಡರ್ ಡೈವ್ ಸೆಂಟರಿನಲ್ಲೇ ಸಿಗುವಾಗ ಮನೆಯಿಂದ ಒಯ್ಯುವ ಅಗತ್ಯವಿಲ್ಲ. ಬಸ್ಸು, ರೈಲಿನಲ್ಲಿ ಒತ್ತಡ ತುಂಬಿದ ಸಿಲಿಂಡರ್ ಒಯ್ಯುವಂತೆಯೇ ಇಲ್ಲ. ಶೋಧಕಾರ್ಯದ ತಂಡಗಳು ಸೂಳೆಕೆರೆಗೋ ವಾಣಿವಿಲಾಸ ಸಾಗರಕ್ಕೋ ಸ್ವಂತ ಸಿಲಿಂಡರ್ ಒಯ್ಯುವಾಗ ಮುಂದಿನ ಮಾತುಗಳು ಉಪಯೋಗಕ್ಕೆ ಬರುತ್ತವೆ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಅಲ್ಯೂಮಿನಿಯಂ 80 ಸಿಲಿಂಡರಿನ ಒಳಗಾತ್ರ 11.1 ಲೀಟರ್, ಖಾಲಿ ತೂಕ ಸುಮಾರು 14 ಕೆ.ಜಿ. 200 ಬಾರ್ ಒತ್ತಡಕ್ಕೆ ತುಂಬಿದರೆ ಗಾಳಿಯ ತೂಕವೇ ಎರಡೂವರೆ ಕೆ.ಜಿ. ಮೀರುತ್ತದೆ. ಇಂಥದ್ದು ನಿಂತುಕೊಂಡು ಪ್ರಯಾಣ ಮಾಡಬಾರದು. ಉರುಳಿ ವಾಲ್ವ್‌ಗೆ ಏಟು ಬಿದ್ದರೆ ಅಪಾಯ. ಗಾಡಿಯ ಅಗಲಕ್ಕೆ ಅಡ್ಡವಾಗಿ, ಹಿಂದಿನ ಸೀಟಿನ ಬೆನ್ನಿಗೆ ತಾಗಿಸಿ ಮಲಗಿಸಿ. ಉದ್ದಕ್ಕೆ ಮಲಗಿಸಿದರೆ ಜೋರು ಬ್ರೇಕಿಗೆ ನೇರ ಮುಂದಕ್ಕೆ ನುಗ್ಗುತ್ತದೆ. ಅಡ್ಡವಾಗಿದ್ದರೆ ಉರುಳಲು ಮಾತ್ರ ಸಾಧ್ಯ, ಅದನ್ನು ಸೀಟಿನ ಬೆನ್ನು ಮತ್ತು ಹಿಂಬದಿಗೆ ಕೊಟ್ಟ ಮರದ ತುಂಡು ತಡೆಯುತ್ತವೆ. ಎರಡು ಬೆಲ್ಟ್‌ಗಳನ್ನು ಡಿಕ್ಕಿಯ ಕೊಂಡಿಗಳಿಗೆ ಹಾಕಿ ಬಿಗಿಯಿರಿ, ವಾಲ್ವ್‌ಗೆ ಟವೆಲ್ ಸುತ್ತಿ. ರೆಗ್ಯುಲೇಟರ್ ಸಿಕ್ಕಿಸಿಕೊಂಡೇ ತರಬೇಡಿ.

25 ಡಿಗ್ರಿಯಲ್ಲಿ 200 ಬಾರ್ ಇದ್ದ ಸಿಲಿಂಡರ್ ಬಿಸಿಲಲ್ಲಿ ನಿಂತ ಕಾರಿನೊಳಗೆ 65 ಡಿಗ್ರಿಗೆ ಕಾದರೆ ಒಳಗೆ ಸುಮಾರು 227 ಬಾರ್ ಆಗುತ್ತದೆ. ಕಿಟಕಿ ಮುಚ್ಚಿ ಮಧ್ಯಾಹ್ನ ಊಟಕ್ಕೆ ಇಳಿದು ಹೋಗಬೇಡಿ. ಬಳಸಿದ ಸಿಲಿಂಡರನ್ನೂ ಪೂರ್ತಿ ಖಾಲಿ ಮಾಡದೆ 10–20 ಬಾರ್ ಉಳಿಸಿ, ತೇವದ ಗಾಳಿ ಒಳಹೋಗದು. ಚಳ್ಳಕೆರೆಯ ಶೇಂಗಾ ಎಣ್ಣೆಯ ಡಬ್ಬಿ ಅದೇ ಡಿಕ್ಕಿಯಲ್ಲಿದ್ದರೆ ಬೇರೆಡೆ ಇಡಿ. ಆಮ್ಲಜನಕ ಹೆಚ್ಚಿರುವ ನೈಟ್ರಾಕ್ಸ್ ಸಿಲಿಂಡರಿಗೆ ಎಣ್ಣೆಯ ಜಿಡ್ಡು ಬೆಂಕಿಗೆ ದಾರಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ತುಂಬಿಸುವ ಯೋಚನೆಯನ್ನು ಯಾರೇ ಹೇಳಿದರೂ ಒಪ್ಪಬೇಡಿ. ಅದು ಉಸಿರಾಡುವ ಗಾಳಿಯಲ್ಲ.

ದಾರಿಯಲ್ಲಿ

ಘಾಟಿಯ ತಿರುವುಗಳು ಮುಗಿದ ಮೇಲೆ, ತಾಳಗುಪ್ಪದಲ್ಲೋ ಸಾಗರದಲ್ಲೋ ಚಹಾಕ್ಕೆ ನಿಂತಾಗ ಡಿಕ್ಕಿ ತೆರೆದು ನೋಡಿ. ಬೆಲ್ಟ್ ಸಡಿಲವಾಗಿದ್ದರೆ ಬಿಗಿಯಿರಿ, ಟಬ್ಬಿನ ನೀರು ಚೆಲ್ಲಿ, ತಾಡಪಾಲಿನ ಮೇಲೆ ನಿಂತ ನೀರನ್ನು ಟವೆಲ್ಲಿನಿಂದ ಹೀರಿಸಿ. ಎ.ಸಿ. ಇದ್ದರೆ ಹೊರಗಾಳಿ ಒಳಬರುವ ಸ್ಥಾನದಲ್ಲಿಡಿ. ಒಳಗಿನ ಗಾಳಿಯನ್ನೇ ತಿರುಗಿಸುತ್ತಿದ್ದರೆ ಸೂಟಿನ ತೇವ ಅಲ್ಲೇ ಸುತ್ತುತ್ತದೆ, ಗಾಜೂ ಮಂಜುಗಟ್ಟುತ್ತದೆ. ಕಂಪ್ಯೂಟರನ್ನು ಡ್ಯಾಶ್‌ಬೋರ್ಡ್ ಮೇಲೆ ಅಥವಾ ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಇಡುವ ಅಭ್ಯಾಸ ಬಿಡಿ, ಪರದೆಯೂ ಬ್ಯಾಟರಿಯೂ ಆ ಬಿಸಿಗೆ ತಾಳವು.

ಡೈವ್ ಮಾಡದ ಸ್ನೇಹಿತರೊಬ್ಬರು ಅದೇ ದಿನ ಗಾಡಿ ತೆಗೆದುಕೊಂಡು ಹೊರಟು, ನಿಮ್ಮ ಸಾಮಾನನ್ನೂ ಒಯ್ಯುವ ಸಂದರ್ಭ ಬರುತ್ತದೆ. ಆಗ ರೆಗ್ಯುಲೇಟರ್, ಕಂಪ್ಯೂಟರ್ ನಿಮ್ಮ ಹತ್ತಿರವೇ ಇರಲಿ. ಉಳಿದದ್ದನ್ನು ಒಂದು ಬಕೆಟ್ ಸಿಹಿನೀರಿನಲ್ಲಾದರೂ ಅದ್ದಿ, 20 ನಿಮಿಷ ನೀರು ಬಸಿದು, ಮುಚ್ಚಳವಿರುವ ಟಬ್ಬಿನಲ್ಲಿ ಕಳಿಸಿ. ಆರೇಳು ತಾಸು ಮುಚ್ಚಿಟ್ಟರೆ ಏನೂ ಆಗದು. ರಾತ್ರಿಯಿಡೀ ಮುಚ್ಚಿದ್ದರೆ ಬೂಷ್ಟು, ವಾಸನೆ ಹತ್ತುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತೆಗೆಯಬೇಕೆಂದು ಅವರಿಗೆ ಬಾಯಿಬಿಟ್ಟು ಹೇಳಿ.

ಮನೆಗೆ ಬಂದ ಮೇಲೆ

ಎಷ್ಟೇ ತಡವಾಗಿರಲಿ, ಸಾಮಾನನ್ನು ಅಂದೇ ಕೆಳಗಿಳಿಸಿ. ಮತ್ತೊಮ್ಮೆ ಜಾಲಿಸುವುದಾದರೆ ನಗರಸಭೆಯ, ಪಾಲಿಕೆಯ ಹೊಳೆನೀರು ಬಳಸಿ. ನಮ್ಮ ಎರಡೂ ಜಿಲ್ಲೆಗಳ ಬೋರ್‌ವೆಲ್ ನೀರು ಬಹುಪಾಲು ಗಡುಸು. ಒಣಗಿದ ಮೇಲೆ ಬಿಳಿ ಪದರ ಬಿಡುತ್ತದೆ. ಬೇರೆ ನೀರಿಲ್ಲದಿದ್ದರೆ ಬೋರ್ ನೀರೂ ಸಮುದ್ರದ ಉಪ್ಪಿಗಿಂತ ಮೇಲು, ಆದರೆ ತೊಳೆದ ತಕ್ಷಣ ಬಟ್ಟೆಯಿಂದ ಒರೆಸಿ.

ಮಹಡಿಯ ಬಿಸಿಲಿಗೆ ಹಾಕಬೇಡಿ. ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಬಿಡಿ, ಸೂಟನ್ನು ಅರ್ಧ ದಾರಿಯಲ್ಲಿ ಒಮ್ಮೆ ಮಗುಚಿ. ಚಿತ್ರದುರ್ಗದ ಗಾಳಿಗೆ ದೂಳು ಜಾಸ್ತಿ. ಸೆಕೆಂಡ್ ಸ್ಟೇಜ್ ಮತ್ತು ಇನ್‌ಫ್ಲೇಟರಿನ ಬಾಯಿಗೆ ತೆಳ್ಳನೆಯ ಹತ್ತಿಬಟ್ಟೆ ಕಟ್ಟಿ. ಬಿಸಿಡಿಯನ್ನು ಮರುದಿನ ಇನ್ನೊಮ್ಮೆ ತಲೆಕೆಳಗೆ ಮಾಡಿ, ಒಳಗೆ ಇನ್ನೂ ಸ್ವಲ್ಪ ನೀರು ಉಳಿದಿರಬಹುದು. ಕೆರೆಯಲ್ಲಿ ಬಳಸಿದ ಸಾಮಾನಿಗೂ ಇದೇ ಉಪಚಾರ ಬೇಕು. ಅಲ್ಲಿ ಉಪ್ಪಿಲ್ಲ, ಆದರೆ ನುಣ್ಣನೆಯ ಕೆಸರು ಡಂಪ್ ವಾಲ್ವಿನಲ್ಲಿ ಕೂತರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ಡಿಕ್ಕಿಗೆ ಉಪ್ಪುನೀರು ಇಳಿದಿದ್ದರೆ ಒಣಬಟ್ಟೆಯಿಂದ ಒರೆಸಿ ಸುಮ್ಮನಾಗಬೇಡಿ, ನೀರು ಮಾತ್ರ ಹೋಗಿ ಉಪ್ಪು ಉಳಿಯುತ್ತದೆ. ಕಾರ್ಪೆಟ್ ತೆಗೆದು ಹೊರಗೆ ತೊಳೆಯಿರಿ. ಲೋಹದ ಭಾಗವನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲಿನಿಂದ ಮೂರ್ನಾಲ್ಕು ಸಲ ಒರೆಸಿ, ಪ್ರತಿ ಸಲವೂ ಟವೆಲ್ಲನ್ನು ಹೊಸ ನೀರಿನಲ್ಲಿ ಜಾಲಿಸಿ. ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿ ನೋಡಿ. ತಳದಲ್ಲಿ ರಬ್ಬರ್ ಬಿರಡೆಯಿದ್ದರೆ ತೆಗೆದು ನೀರು ಬಸಿದು, ಒರೆಸಿ, ಮತ್ತೆ ಕೂರಿಸಿ. ಡಿಕ್ಕಿ ತೆರೆದಿಟ್ಟು ಟೇಬಲ್ ಫ್ಯಾನ್ ಹಚ್ಚಿ ರಾತ್ರಿಯಿಡೀ ಬಿಡಿ, ಡಿಕ್ಕಿಯ ದೀಪ ಆರಿಸುವುದನ್ನು ಮರೆಯಬೇಡಿ. ಒಂದು ವಾರದ ನಂತರ ಜೋಡಣೆಯ ಗೆರೆಗಳಲ್ಲಿ ಬಿಳಿ ಪುಡಿ ಎದ್ದಿದೆಯೇ ನೋಡಿ. ಎದ್ದಿದ್ದರೆ ಇನ್ನೊಂದು ಸುತ್ತು ಒರೆಸಿ.